ಆಂಪ್ಲಿಫೈಯರ್ ಗುಂಯ್‌ಗುಡುವಾಗ

ಭೀಮಸೇನ ಜೋಶಿಯವರ ವಿಲಂಬಿತ ಖ್ಯಾಲ್ ಶುರುವಾಗುವ ಮೊದಲು ತಂಬೂರಿಯಷ್ಟೇ ಕೇಳಬೇಕು. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಅದರಡಿ ಇನ್ನೊಂದು ‘ಗುಂಯ್’ ಸೇರುತ್ತಿತ್ತು. ಗದಗದಲ್ಲಿ ಹುಟ್ಟಿದ ಗಾಯಕ ಬಾಳಿದ ಊರಿನಲ್ಲೇ ಅವರನ್ನು ಹೀಗೆ ಕೇಳುವುದೇ!

ಇದಕ್ಕೆ ಸಾಮಾನ್ಯ ಕಾರಣ ಅರ್ಥ್ ಲೂಪ್. ಆಂಪ್ಲಿಫೈಯರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಕಂಪ್ಯೂಟರ್ ಎದುರುಗೋಡೆಯಲ್ಲಿ. ಎರಡರ ಅರ್ಥ್ ನಡುವೆ ಚೂರೇ ವೋಲ್ಟೇಜ್ ವ್ಯತ್ಯಾಸವಿದ್ದರೂ ಆಡಿಯೊ ಕೇಬಲ್ಲಿನ ಹೊರಜಾಲರಿಯಲ್ಲಿ ಕರೆಂಟು ಹರಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು; ಸ್ಪೀಕರ್ ಅದನ್ನೇ ಹಾಡುತ್ತದೆ.

ಹಲವರು ಹೇಳುವ ಮದ್ದು, ಪ್ಲಗ್ಗಿನ ಅರ್ಥ್ ತಂತಿ ಕಳಚುವುದು. ಸದ್ದು ಹೋಗುತ್ತದೆ, ನಿಜ. ಆದರೆ ಒಳಗೆ ಫೇಸ್ ತಂತಿ ಸಡಿಲವಾಗಿ ಲೋಹದ ಮೈಗೆ ತಾಗಿದರೆ? ಅರ್ಥ್ ಇದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ 230 ವೋಲ್ಟ್ ಮುಟ್ಟುವವರಿಗಾಗಿ ಕಾದಿರುತ್ತದೆ. ಮನೆಯಲ್ಲಿ ಮಕ್ಕಳಿದ್ದವರು ಈ ಮಾತನ್ನು ಕಿವಿಗೇ ಹಾಕಿಕೊಳ್ಳಬಾರದು.

ಸರಿಯಾದ ದಾರಿ, ಎಲ್ಲ ಉಪಕರಣಗಳಿಗೂ ಒಂದೇ ಸಾಕೆಟ್ಟಿನಿಂದ ಕರೆಂಟು ಕೊಡುವುದು. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಬೇಕಾದ್ದೆಲ್ಲ ಸಿಗುತ್ತದೆ: ಪ್ಲಾಸ್ಟಿಕ್ ಬಾಕ್ಸು, ಐಎಸ್‌ಐ ಗುರುತಿನ ನಾಲ್ಕು ಸಾಕೆಟ್, 1.5 ಚದರ ಮಿಲಿಮೀಟರಿನ ಮೂರೆಳೆ ತಾಮ್ರದ ವೈರು, ಫೇಸ್ ತಂತಿಗೆ 5 ಆಂಪಿಯರ್ ಫ್ಯೂಸ್. ಅಂದರೆ ಒಟ್ಟು 1,150 ವಾಟ್. ಹಾಡು ಕೇಳಲು ಧಾರಾಳ, ಇಸ್ತ್ರಿಪೆಟ್ಟಿಗೆಗೆ ಇಲ್ಲಿ ಜಾಗವಿಲ್ಲ. ಬಂಗಾರದ ಲೇಪದ ಪಿನ್ನಿಗೆ ಸಾವಿರಾರು ರೂಪಾಯಿ ಸುರಿಯುವುದು ನನ್ನ ಮಟ್ಟಿಗೆ ದಂಡ.

ಪ್ರತಿ ಸಾಕೆಟ್ಟಿನ ಹಸಿರು ತಂತಿ ನೇರವಾಗಿ ಒಂದೇ ಟರ್ಮಿನಲ್ಲಿಗೆ ಬರಲಿ. ಒಂದರಿಂದ ಇನ್ನೊಂದಕ್ಕೆ ಸರಪಳಿ ಹಾಕಿದರೆ, ಮೊದಲ ಸ್ಕ್ರೂ ಸಡಿಲಾದಾಗ ಮುಂದಿನವಕ್ಕೆಲ್ಲ ಅರ್ಥ್ ತಪ್ಪುತ್ತದೆ. ಎದುರಿನಿಂದ ನೋಡಿದಾಗ ಅರ್ಥ್ ಮೇಲೆ, ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ. ಬಾಕ್ಸಿನೊಳಗೆ ಬರುವ ವೈರನ್ನು ಕ್ಲಾಂಪಿನಿಂದ ಬಿಗಿಯಿರಿ. ಯಾರಾದರೂ ಎಡವಿದರೆ ಜಗ್ಗಾಟ ಸ್ಕ್ರೂಗಳ ಮೇಲೆ ಬೀಳಬಾರದು. ಗೋಡೆಗೆ ಚುಚ್ಚುವ ಮೊದಲು ಮಲ್ಟಿಮೀಟರಿನಿಂದ ಪ್ಲಗ್ಗಿನ ಅರ್ಥ್ ಪಿನ್ನಿಂದ ಪ್ರತಿ ಸಾಕೆಟ್ಟಿನವರೆಗೆ ಕಂಟಿನ್ಯೂಯಿಟಿ ನೋಡಿ. ವೈರಿಂಗ್ ರೂಢಿ ಇಲ್ಲದವರು ಎಲೆಕ್ಟ್ರಿಷಿಯನ್‌ಗೇ ಕೊಡಿ.

ಗೋಡೆಯ ಸಾಕೆಟ್ಟನ್ನೂ ನಂಬಬೇಡಿ. ಹಳೆಯ ಬಾಡಿಗೆಮನೆಗಳಲ್ಲಿ ಅರ್ಥ್ ತೂತಿನ ಹಿಂದೆ ತಂತಿಯೇ ಇರದಿರಬಹುದು. ಅದನ್ನು ಮಾಲೀಕರಿಗೆ ಹೇಳಿ ಮೊದಲು ಸರಿಮಾಡಿಸಿ.

ಇಷ್ಟಾದ ಮೇಲೂ ಗುಂಯ್ ಎನ್ನುತ್ತಿದೆಯೇ? ಟಿವಿಯ ಡಿಶ್ ಕೇಬಲ್ ಕಳಚಿ ನೋಡಿ. ನಮ್ಮ ಮನೆಯಲ್ಲಿ ಉಳಿದಿದ್ದ ಸದ್ದು ಅಲ್ಲಿಂದಲೇ ಬರುತ್ತಿತ್ತು.