ಲ್ಯಾಪ್‌ಟಾಪಿನ ಕಾವಲು

ಮನೆಯ ಹುಡುಗ ಕಾಲೇಜು ಸೇರಿ ಲ್ಯಾಪ್‌ಟಾಪ್ ಕೊಂಡೊಡನೆ, ‘ಯಾವ ಆಂಟಿವೈರಸ್ ಹಾಕಿಸೋಣ?’ ಎಂಬ ಪ್ರಶ್ನೆ ಹಿರಿಯರನ್ನು ಕಾಡುತ್ತದೆ. ಹಣ ತೆರುವ ಮುನ್ನ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು: ವಿಂಡೋಸ್ 11ರೊಡನೆ ‘ಡಿಫೆಂಡರ್’ ಎಂಬ ಕಾವಲುಗಾರ ಬಿಟ್ಟಿಯಾಗಿಯೇ ಬಂದಿರುತ್ತಾನೆ. ಓದುವ ಹುಡುಗನಿಗೆ ಸಾಮಾನ್ಯವಾಗಿ ಅವನೇ ಸಾಕು.

ಆದರೆ ಹಿತ್ತಲ ಬಾಗಿಲು ತೆರೆದಿದ್ದರೆ ಕಾವಲುಗಾರನೊಬ್ಬನಿಂದ ಏನಾದೀತು? 2017ರ ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಅಂಥದೊಂದು ಬಾಗಿಲನ್ನು ಮುಚ್ಚುವ ಅಪ್‌ಡೇಟ್ ಹೊರಡಿಸಿತು. ಅದನ್ನು ಹಾಕಿಕೊಳ್ಳದ ಯಂತ್ರಗಳೊಳಕ್ಕೆ ಮೇ ತಿಂಗಳಲ್ಲಿ ‘ವಾನಾಕ್ರೈ’ ನುಗ್ಗಿ, ಕಡತಗಳಿಗೆ ಬೀಗವಿಕ್ಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ಸಹ ತತ್ತರಿಸಿದುವು.

ಆದುದರಿಂದ ಅಪ್‌ಡೇಟ್ ಬಂದಾಗ ‘ನಾಳೆ’ ಎನ್ನಬಾರದು. ಕದ್ದ ಸಾಫ್ಟ್‌ವೇರನ್ನು ಒಳಗೆ ಬಿಡಬಾರದು. ವಾರಕ್ಕೊಮ್ಮೆ ಪಾಠದ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅದನ್ನು ಕಳಚಿ ತೆಗೆದಿಡಬೇಕು. ಚಿರಂಜೀವಿಗೆ ನಾವು ಕೊಡಬಹುದಾದ ಉತ್ತಮ ರಕ್ಷೆ ಈ ಅಭ್ಯಾಸವೇ ಸರಿ.