ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಹಾಲುಣಿಸುವ ಬಗೆ

ಕೆಲವು ತಿಂಗಳ ಹಿಂದೆ ಸಿದ್ದಾಪುರದ ಹಿರಿಯ ತಾಯಿಯೊಬ್ಬರು ಚಿತ್ರದುರ್ಗಕ್ಕೆ ಹೊರಟವರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಮಗಳಿಗೆ 32 ವಾರಕ್ಕೇ ಹೆರಿಗೆಯಾಗಿ, ಕೂಸು ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿತ್ತು. ಅವರ ಕೈಚೀಲದಲ್ಲಿ ಬೆಳ್ಳಿಯ ಒಳಲೆ, ಜೇನಿನ ಶೀಶೆ. "ಮೂಗಿಗೆ ಪೈಪು ಹಾಕವ್ರಂತೆ ಡಾಕ್ಟ್ರೇ, ಒಂದ್ ಒಳಲೆ ಹಾಲೂ ಕುಡಿಸ್ತಿಲ್ವಂತೆ" ಎಂದು ಕಣ್ಣೀರು ತೆಗೆದರು.

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸಾಮಾನ್ಯವಾಗಿ 34 ವಾರದ ಹೊತ್ತಿಗೆ ಬಲಿಯುತ್ತದೆ. ಅದಕ್ಕೂ ಮುನ್ನ ಬಾಯಿಗೆ ಹಾಲೆರೆದರೆ ಅದು ಶ್ವಾಸಕೋಶವನ್ನು ಸೇರಬಹುದು. ಆದ್ದರಿಂದಲೇ ಮೂಗಿನಿಂದಲೋ ಬಾಯಿಯಿಂದಲೋ ಜಠರದವರೆಗೆ ಮೃದುವಾದ ನಳಿಗೆಯನ್ನಿಳಿಸಿ, ಎರಡು-ಮೂರು ಗಂಟೆಗೊಮ್ಮೆ ಕೆಲವೇ ಮಿಲಿಲೀಟರು ಹಾಲನ್ನು ತಾನಾಗಿ ಇಳಿಯಲು ಬಿಡುತ್ತಾರೆ. ತೀರ ಎಳೆಯ ಶಿಶುಗಳಿಗೆ ಮೊದಲ ದಿನಗಳಲ್ಲಿ ರಕ್ತನಾಳದ ಮೂಲಕ ಪೋಷಣೆ. ಪೈಪು ಹಾಕಿದ್ದಾರೆಂದರೆ ಕೂಸನ್ನು ಹಸಿವಿಗೆ ಬಿಟ್ಟಿದ್ದಾರೆಂದಲ್ಲ.

ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿ ಮತ್ತು ಗರ್ಭದ ನಡುವೆ ಅಸ್ಥಿರವಾಗಿರುತ್ತದೆಂದು ಚರಕಸಂಹಿತೆ ಹೇಳುತ್ತದೆ; ಆಗ ಹುಟ್ಟಿದ ಶಿಶು ಉಳಿಯದೆಂಬುದು ಪ್ರಾಚೀನರ ಎಣಿಕೆ. ಇಂದು ಉಳಿಯುತ್ತಿವೆ. ನವಜಾತನಿಗೆ ಜೇನು-ತುಪ್ಪ ನೆಕ್ಕಿಸುವ ವಿಧಿಯೂ ನಮ್ಮ ಗ್ರಂಥಗಳಲ್ಲಿದೆ. ಆದರೂ ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಇಂತಹ ಕೂಸಿಗೆ ಜೇನು, ಬಜೆ, ಸಕ್ಕರೆ ನೀರು, ಹಸುವಿನ ಹಾಲು ಯಾವುದೂ ಬೇಡ. ಜೇನಿನಲ್ಲಿರಬಹುದಾದ ಸೂಕ್ಷ್ಮಾಣುವಿನ ದೆಸೆಯಿಂದ, ತಿಂಗಳು ತುಂಬಿ ಹುಟ್ಟಿದ ಮಗುವಿಗೂ ವರ್ಷ ತುಂಬುವವರೆಗೆ ಅದು ಸಲ್ಲದು. ಆ ತಾಯಿಯಿಂದ ಶೀಶೆಯನ್ನು ಇಲ್ಲಿಯೇ ಬಿಡಿಸಿಕೊಂಡೆ.

ಕೂಸಿಗೆ ಬೇಕಾದುದು ಹೆತ್ತವಳ ಹಾಲು. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು ಇನ್ನೂ ನಿಂತಿಲ್ಲ. ಎಳೆಯ ಕರುಳಿಗೆ ಅದೇ ರಕ್ಷೆ. ಬಾಣಂತಿ ಹೊಸಿಲು ದಾಟಬಾರದೆಂದು ಊರಿನಲ್ಲಿರಿಸಿ, ಕೂಸನ್ನು ಮಾತ್ರ ಆಸ್ಪತ್ರೆಯಲ್ಲಿ ಬಿಟ್ಟರೆ ಹಾಲು ಬತ್ತುತ್ತದೆ. ಜನನಸೂತಕವನ್ನು ಒಪ್ಪದ ನಮ್ಮ ಮನೆಗಳಲ್ಲಿಯೂ ಈ ಹೊಸಿಲಿನ ಕಟ್ಟು ಸಡಿಲವಾಗಿಲ್ಲವೆಂಬುದು ಸೋಜಿಗ. ತಾಯಿ ಹತ್ತಿರವೇ ಇದ್ದು, ದಿನಕ್ಕೆ ಎಂಟು ಬಾರಿಯಾದರೂ, ರಾತ್ರಿಯೂ ಸೇರಿ, ಶುಚಿಯಾದ ಕೈಗಳಿಂದ ಹಾಲು ಹಿಂಡಿ ಕೊಡಬೇಕು. ತಾಯಿಯ ಹಾಲು ಸಾಲದ ಶಿಶುಗಳಿಗೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಎದೆಹಾಲಿನ ಬ್ಯಾಂಕೇ ಆರಂಭವಾಗಿದೆ.

ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗವಚಿಡುವ ಕಾಂಗರೂ ಆರೈಕೆಯಿಂದ ಹಾಲೂ ಹೆಚ್ಚುತ್ತದೆ, ಕೂಸಿನ ಮೈಯೂ ಬೆಚ್ಚಗಿರುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಆರಂಭವಾದ ಈ ಕ್ರಮವನ್ನು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ವ್ಯಾಪಕವಾಗಿ ಆಚರಣೆಗೆ ತಂದಿದ್ದಾರೆ. ತಂದೆಯೂ ಅಜ್ಜಿಯೂ ಸರದಿಯಂತೆ ಹೀಗೆ ಕೂಸನ್ನು ಎದೆಗವಚಿಕೊಳ್ಳಬಹುದು.

ಎರಡು ವಾರ ಕಳೆದ ಮೇಲೆ ದಾದಿಯೊಬ್ಬರು 'ಪಲಾಡೈ' ಎಂಬ ಮೂತಿಯುಳ್ಳ ಪುಟ್ಟ ಪಾತ್ರೆಯನ್ನು ತಂದರಂತೆ. "ಇದು ನಮ್ಮ ಒಳಲೆನೇ ಅಲ್ವೇನವ್ವ!" ಎಂದು ಅಜ್ಜಿ ನಕ್ಕರಂತೆ. ನಿಜ, ಅದು ಒಳಲೆಯೇ; ಕುದಿಸಿ ಶುಚಿಗೊಳಿಸಿದ್ದು, ಬಾಟಲಿಗಿಂತ ಮೇಲು. ಕೂಸನ್ನು ತುಸು ಎತ್ತರಿಸಿ ಹಿಡಿದು, ಮೂತಿಯನ್ನು ತುಟಿಯ ಅಂಚಿಗಿಟ್ಟು, ಒಂದು ಗುಟುಕು ನುಂಗಿದ ಮೇಲೆಯೇ ಮತ್ತೊಂದು. ಕೆಮ್ಮಿದರೆ, ನೀಲಿಗಟ್ಟಿದರೆ ಕೂಡಲೇ ನಿಲ್ಲಿಸಿ ದಾದಿಯನ್ನು ಕರೆಯಬೇಕು. ಒಳಲೆ ಹಿಡಿಯುವ ದಿನವನ್ನು ಗೊತ್ತುಮಾಡುವವರು ಮಾತ್ರ ಅಲ್ಲಿಯ ವೈದ್ಯರು.

ಮುಂದಿನ ವಾರ ಕೂಸು ಎದೆಗೆ ಬಾಯಿಟ್ಟಿತು.