ಮಗು ಬೇಡವೆನ್ನುವುದು ಯಾವ ಮೊಸರನ್ನು?

ಅಂಗಡಿಯಿಂದ ತಂದ ಕಪ್ಪಿನ ಮೊಸರನ್ನು ಬಳಿದು ತಿನ್ನುವ ಮಗು, ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಕಂಡರೆ ತಟ್ಟೆ ದೂಡುತ್ತದೆ. ಮನೆಯವರು ಇದನ್ನು ಹಟ ಎನ್ನುತ್ತಾರೆ. ಆದರೆ ಆ ಎರಡು ಮೊಸರುಗಳ ನಡುವೆ ನಾಲಿಗೆಗೆ ತಿಳಿಯುವ ವ್ಯತ್ಯಾಸಗಳು ನಿಜವಾಗಿಯೂ ಇವೆ. ಮಗುವನ್ನು ತಿದ್ದಲು ಹೊರಡುವ ಮೊದಲು ಪಾತ್ರೆಯಲ್ಲಿರುವುದನ್ನು ತಿದ್ದಿ ನೋಡಬೇಕು.

ಎಲ್ಲರೂ ಮೊದಲು ದೂರುವುದು ಹುಳಿಯನ್ನು. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಹಾಲಿನ ಪಿಎಚ್ ಸುಮಾರು 6.7. ಅದು 4.6ರ ಹತ್ತಿರಕ್ಕೆ ಇಳಿದಾಗ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ನೀರನ್ನು ಹಿಡಿದಿಡುವ ಬಲೆಯಾಗುತ್ತವೆ, ಹಾಲು ಹೆಪ್ಪುಗಟ್ಟುತ್ತದೆ. ಬ್ಯಾಕ್ಟೀರಿಯಾಗಳ ಕೆಲಸ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಪಿಎಚ್ 4ಕ್ಕೆ ಇಳಿಯುವ ಹೊತ್ತಿಗೆ ಹೈಡ್ರೋಜನ್ ಅಯಾನುಗಳು ನಾಲ್ಕು ಪಟ್ಟಾಗಿರುತ್ತವೆ. ನಮಗೆ ಹುಳಿಯಾಗಿ ತಿಳಿಯುವುದು ಈ ಅಯಾನುಗಳೇ. ನಾಲಿಗೆಯ ಕೋಶಗಳೊಳಕ್ಕೆ ಅವುಗಳನ್ನು ಬಿಟ್ಟುಕೊಳ್ಳುವ ಓಟೋಪೆಟ್ರಿನ್-1 ಎಂಬ ಪ್ರೋಟೀನಿನ ಕೆಲಸವನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಲಿಮನ್ ಅವರ ತಂಡ 2018ರಲ್ಲಷ್ಟೇ ಗುರುತಿಸಿತು.

ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ನೋಡುವುದು ನಮ್ಮ ರೂಢಿ. ಏಪ್ರಿಲ್‌ನ ಬಳ್ಳಾರಿಯಲ್ಲಿ ಆ ಮೊಸರು ನಡುರಾತ್ರಿಗೇ ಹೆಪ್ಪಾಗಿ, ಬೆಳಗಾಗುವವರೆಗೆ ಹುಳಿಯುತ್ತಲೇ ಇರುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಬೆಳಿಗ್ಗೆಯೂ ಅದು ಹಾಲಾಗಿಯೇ ಇರಬಹುದು. ಬೇಸಿಗೆಯಲ್ಲಿ ಹಗಲು ಹೆಪ್ಪು ಹಾಕಿ, ಪಾತ್ರೆ ಓರೆ ಮಾಡಿದಾಗ ಮೊಸರು ಒಟ್ಟಾಗಿ ಅಲುಗುವ ಹದಕ್ಕೆ ಬಂದೊಡನೆ ಫ್ರಿಜ್ಜಿನಲ್ಲಿಟ್ಟರೆ ಹುಳಿ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಹೆಪ್ಪು ಅರ್ಧ ಲೀಟರಿಗೆ ಒಂದು ಚಮಚೆ ಸಾಕು.

ಆದರೆ ಎಲ್ಲ ಮಕ್ಕಳ ತಕರಾರೂ ಹುಳಿಯದ್ದಲ್ಲ. ಬೆಟ್ಟದ ನೆಲ್ಲಿಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ಚೀಪುವವರೂ ಇದೇ ಮಕ್ಕಳು ತಾನೆ? 2003ರಲ್ಲಿ ಸಂಶೋಧಕರಾದ ಲೀಮ್ ಮತ್ತು ಜೂಲಿ ಮೆನೆಲ್ಲಾ ಪ್ರಕಟಿಸಿದ ಅಧ್ಯಯನದಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವರು ಅತಿ ಹುಳಿಯಾದ ತಿನಿಸನ್ನೇ ಮೆಚ್ಚಿದರು. ಅವರ ತಾಯಂದಿರಿಗೆ ಅದು ಹಿಡಿಸಲಿಲ್ಲ. ಹುಣಸೆಹಣ್ಣು ಬೇಕು, ಮೊಸರು ಬೇಡ ಎನ್ನುವ ಮಗುವಿನ ಬಾಯಿಗೆ ತೊಡಕಾಗಿರುವುದು ಬೇರೆ ಏನೋ. ನನ್ನ ಗುಮಾನಿ ಮೊಸರಿನ ಮೈಕಟ್ಟಿನ ಮೇಲೆ: ನಾಲಿಗೆಗೆ ಅಡ್ಡಸಿಗುವ ಕೆನೆಯ ತುಣುಕು, ಮೇಲೆ ನಿಂತ ನೀರು, ಚಮಚೆ ಎತ್ತಿದರೆ ದಾರದಂತೆ ಎಳೆಯಾಗಿ ಬರುವ ಲೋಳೆ.

ಮೂರಕ್ಕೂ ಪರಿಹಾರವಿದೆ. ಕೆನೆಯನ್ನು ಹೆಪ್ಪು ಹಾಕುವ ಮೊದಲೇ ತೆಗೆದುಬಿಡಬಹುದು. ನೀರು ಬಿಡುವುದು ಹಾಲು ಕಾಯಿಸಿದ ರೀತಿಗೆ ಸೇರಿದ್ದು. ಹಾಲನ್ನು ಉಕ್ಕಿದೊಡನೆ ಇಳಿಸದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸುತ್ತ ಕಾಯಿಸಿದರೆ ಹಾಲೊಡಕಿನ ಪ್ರೋಟೀನುಗಳು ಬಿಚ್ಚಿಕೊಂಡು ಕೇಸೀನಿಗೆ ಅಂಟುತ್ತವೆ. ಆಗ ಬಲೆ ನವಿರಾಗಿ ಹೆಣೆದುಕೊಂಡು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಇನ್ನು ಲೋಳೆ ಕೆಲವು ಬ್ಯಾಕ್ಟೀರಿಯಾ ತಳಿಗಳು ಹೊರಬಿಡುವ ಉದ್ದುದ್ದದ ಸಕ್ಕರೆ ಸರಪಳಿ. ಅದು ಕೆಟ್ಟದ್ದೇನಲ್ಲ, ಫಿನ್‌ಲೆಂಡಿನವರು ‘ವೀಲಿ’ ಎಂಬ ಎಳೆಬರುವ ಮೊಸರನ್ನು ಮೆಚ್ಚಿ ತಿನ್ನುತ್ತಾರೆ. ನಮ್ಮ ಮಗುವಿಗೆ ಬೇಡವಾದರೆ ಬೇರೆ ಮನೆಯಿಂದ ಹೆಪ್ಪು ತಂದು ಹೊಸದಾಗಿ ಶುರುಮಾಡಬೇಕು.

ಮೊಸರು ತಿಂದಾಗಲೆಲ್ಲ ಮೈಮೇಲೆ ದದ್ದು, ವಾಂತಿ, ತುಟಿಯ ಊತ ಕಾಣಿಸಿಕೊಂಡರೆ ಅದು ರುಚಿಯ ಮಾತಲ್ಲ, ಹಾಲಿನ ಅಲರ್ಜಿ ಇರಬಹುದು. ಅಂಥ ಮಗುವಿಗೆ ಮೊಸರು ಕೊಡುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮೊಸರು ಹದವಾದ ಮೇಲೂ ಮಗು ಒಲ್ಲೆ ಎಂದರೆ? ಎರಡರಿಂದ ಆರು ವರ್ಷದವರೆಗೆ ಹೊಸ ತಿನಿಸಿನ ಬಗ್ಗೆ ಅಳುಕು ಸಹಜ. ಕಪ್ಪಿನ ಮೊಸರು ದಿನವೂ ಒಂದೇ ರುಚಿ. ಮನೆಯದು ನಿನ್ನೆಯಂತೆ ಇಂದಿಲ್ಲ. ಹಾಗಾಗಿ ಮಗುವಿನ ಮಟ್ಟಿಗೆ ಅದು ದಿನವೂ ಹೊಸದೇ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ಚೀಸ್, ಹಣ್ಣುಗಳ ರುಚಿ ತೋರಿಸಿ, ಹೆಚ್ಚು ಸಲ ಸವಿದದ್ದನ್ನೇ ಮಕ್ಕಳು ಹೆಚ್ಚು ಮೆಚ್ಚುತ್ತಾರೆಂದು ಕಂಡುಕೊಂಡರು. ಎರಡು ವರ್ಷದ ನಂತರ ಅವರ ತಂಡ ಕೆಫಿರ್ ಎಂಬ ಹುದುಗಿಸಿದ ಹಾಲನ್ನೇ ಪರೀಕ್ಷೆಗೆ ತೆಗೆದುಕೊಂಡಿತು. ಕುಡಿದರೆ ಸಿನಿಮಾ ಎಂದೋ, ಕುಡಿದದ್ದಕ್ಕೆ ಹೊಗಳಿಕೆ ಎಂದೋ ಆಸೆ ತೋರಿಸಿದ ಮಕ್ಕಳಲ್ಲಿ ಆ ಪಾನೀಯದ ಮೇಲಿನ ಇಷ್ಟ ಕಡಿಮೆಯಾಯಿತು. “ಮೊಸರನ್ನ ತಿಂದರೆ ಮೊಬೈಲ್ ಕೊಡ್ತೀನಿ” ಎನ್ನುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಲಂಚ ಕೊಟ್ಟು ತಿನ್ನಿಸಿದ್ದು ತಿನ್ನಲಾರದ್ದೇ ಇರಬೇಕೆಂದು ಮಗು ತೀರ್ಮಾನಿಸಿಬಿಡುತ್ತದೆ.

ಬದಲಿಗೆ ಮಗು ಇಷ್ಟಪಡುವ ಅಡುಗೆಯ ಪಕ್ಕ ಅರ್ಧ ಚಮಚೆ ಮೊಸರು ಇಟ್ಟು, ತಿಂದರೂ ಬಿಟ್ಟರೂ ಮಾತೆತ್ತದಿರಿ. ಮಾವಿನಹಣ್ಣೋ ಬಾಳೆಹಣ್ಣೋ ಕಿವುಚಿ ಬೆರೆಸಿದರೆ ಸಿಹಿ ಹುಳಿಯನ್ನು ಮರೆಮಾಡುತ್ತದೆ. ಇದಕ್ಕಿಂತ ಜಾಣತನದ್ದು ಬುತ್ತಿ ಕಟ್ಟುವವರ ಹಳೆಯ ಉಪಾಯ. ಅನ್ನವನ್ನು ಮೆತ್ತಗೆ ಮಿದ್ದು, ಉಗುರುಬೆಚ್ಚಗಿನ ಕಾಯಿಸಿದ ಹಾಲು ಧಾರಾಳವಾಗಿ ಹಾಕಿ, ಒಂದೇ ಚಮಚೆ ಮೊಸರು ಕಲಸುತ್ತಾರೆ. ಡಬ್ಬಿಯಲ್ಲೇ ಹಾಲು ಮೆಲ್ಲಗೆ ಹೆಪ್ಪಾಗಿ, ಮಧ್ಯಾಹ್ನಕ್ಕೆ ಹುಳಿ ಇನ್ನೂ ಎಳಸಾಗಿರುತ್ತದೆ. ವಾರಗಳು ಕಳೆದಂತೆ ಹಾಲು ಕಡಿಮೆ ಮಾಡಿ ಮೊಸರು ಹೆಚ್ಚಿಸುತ್ತ ಬಂದರೆ, ಹುಳಿಯ ಹದ ಎಲ್ಲಿಗೆ ನಿಲ್ಲಬೇಕೆಂಬುದನ್ನು ಮಗುವೇ ಹೇಳುತ್ತದೆ.